ವಿಕಥೆ ಮತ್ತು ಉಪವಾಸ

ಅಷ್ಟಮಿ, ಚತುರ್ದಶಿಗಳಂದು ಉಪವಾಸ ಕೈಗೊಂಡ ಶ್ರಾವಕನು ಆಹಾರವನ್ನು ಬಿಡುತ್ತಾನೆ. ಆದರೆ ಅದೇ ಸಂಜೆ ಗೆಳೆಯರೊಡನೆ ಕಟ್ಟೆಯ ಮೇಲೆ ಕುಳಿತು ಚುನಾವಣೆ, ಮತಧರ್ಮ, ಮಳೆ ಬೆಳೆಗಳ ಮಾತಿನಲ್ಲಿ ಎರಡು ತಾಸು ಕಳೆದರೆ ವ್ರತವು ಪೂರ್ಣವಾಯಿತೆ? ಕಷಾಯ, ವಿಷಯ, ಆಹಾರ ಈ ಮೂರರ ತ್ಯಾಗವೇ ಉಪವಾಸ. ಮೂರನೆಯದನ್ನು ಬಿಟ್ಟು ಮೊದಲಿನೆರಡನ್ನು ಉಳಿಸಿಕೊಂಡರೆ ಆಗುವುದು ಹಸಿವು ಮಾತ್ರ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪ್ರಮಾದಗಳು ಹದಿನೈದೆಂದು ಎಣಿಸಿದ್ದಾರೆ: ವಿಕಥೆ 4, ಕಷಾಯ 4, ಇಂದ್ರಿಯ 5, ನಿದ್ರೆ 1, ಪ್ರಣಯ 1. ಇವುಗಳಲ್ಲಿ ವಿಕಥೆಯೇ ಮೊದಲನೆಯದು. ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ, ರಾಜಕಥೆ ಎಂಬಿವು ಅದರ ಭೇದಗಳು. ಈ ಎಣಿಕೆಯು ಬಂದಿರುವುದು ಆರನೆಯ ಗುಣಸ್ಥಾನದ ಮುನಿಯ ಸಂದರ್ಭದಲ್ಲಿ. ಮಹಾವ್ರತಿಗೇ ಈ ಎಚ್ಚರ ಅಗತ್ಯವಾದರೆ ಗೃಹಸ್ಥನಿಗೆ ಎಷ್ಟು ಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಮೊದಲು ರಾಜಕಥೆ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಈ ಮಾತಿಗೆ ಬರವಿಲ್ಲ. 1990ರಿಂದ 1992ರವರೆಗೆ ಮುಖ್ಯಮಂತ್ರಿಗಳಾಗಿದ್ದ ಎಸ್. ಬಂಗಾರಪ್ಪನವರು ಸೊರಬ ತಾಲ್ಲೂಕಿನ ಕುಬಟೂರಿನವರು. 2007ರಲ್ಲಿ ಮೊದಲ ಬಾರಿಗೆ ಆ ಪದವಿಗೇರಿದ ಬಿ. ಎಸ್. ಯಡಿಯೂರಪ್ಪನವರ ಕ್ಷೇತ್ರ ಶಿಕಾರಿಪುರವಾಗಿತ್ತು. 2008ರ ಚುನಾವಣೆಯಲ್ಲಿ ಇವರಿಬ್ಬರೂ ಶಿಕಾರಿಪುರದಲ್ಲಿಯೇ ಎದುರಾದರು. 2018 ಮತ್ತು 2023ರಲ್ಲಿ ಸೊರಬದ ಕಣದಲ್ಲಿ ಅಣ್ಣತಮ್ಮಂದಿರೇ ಪ್ರತಿಸ್ಪರ್ಧಿಗಳಾಗಿದ್ದರು. ಇಂಥ ಊರುಗಳಲ್ಲಿ ಗೆಳೆಯರು ಪಕ್ಷ ಹಿಡಿದು ವಾದಿಸುವುದು ಸಹಜ. ಆದರೆ ಫಲಿತಾಂಶ ಬಂದು ಗೆದ್ದವರೂ ಸೋತವರೂ ತಮ್ಮ ತಮ್ಮ ಕೆಲಸಕ್ಕೆ ತೆರಳಿದ ಮೇಲೆಯೂ ಗೆಳೆಯರ ನಡುವೆ ಮಾತು ಬಿಟ್ಟಿರುತ್ತದೆ. ಕಥೆ ಪರರದು, ಕಷಾಯ ತನ್ನದು, ಕರ್ಮಬಂಧವೂ ತನಗೇ.

ಹಾಗಾದರೆ ಶ್ರಾವಕನು ರಾಜ್ಯದ ವಿಚಾರಕ್ಕೆ ವಿಮುಖನಾಗಿರಬೇಕೆ? ಬೇಡ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವು ಇದಕ್ಕೆ ಉತ್ತರ ಕೊಡುತ್ತದೆ. ಹತ್ತನೆಯ ಶತಮಾನದ ಆದಿಭಾಗದಲ್ಲಿ ಜಕ್ಕಿಯಬ್ಬೆಯು ಪತಿಯ ಮರಣಾನಂತರ ನಾಗರಖಂಡ ಎಪ್ಪತ್ತರ ಆಡಳಿತವನ್ನು ಸಮರ್ಥವಾಗಿ ನಡೆಸಿದಳು. ರೋಗ ಬಂದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ, ಬಸದಿಯಲ್ಲಿ ವ್ರತ ಧರಿಸಿ ದೇಹತ್ಯಾಗ ಮಾಡಿದಳು. ಆಕೆ ಮಾಡಿದುದು ರಾಜ್ಯಕಾರ್ಯ. ಕಟ್ಟೆಯ ಮೇಲೆ ನಡೆಯುವುದು ರಾಜಕಥೆ. ಮತ ಹಾಕುವುದು, ಊರಿನ ಕೆರೆ ರಸ್ತೆಗಳಿಗಾಗಿ ಸಭೆಯಲ್ಲಿ ಮಾತನಾಡುವುದು ಪ್ರಯೋಜನವುಳ್ಳ ಕಾರ್ಯಗಳು. ಪ್ರಯೋಜನವಿಲ್ಲದ ಮಾತೇ ವಿಕಥೆ.

ಮಳೆಯ ಮಾತು ನಿರ್ದೋಷವೆಂದು ತೋರುತ್ತದೆ. ಆರಿದ್ರಾ ಮಳೆ ಹೇಗಾಯಿತು, ನಾಟಿಗೆ ನೀರು ಸಾಲುವುದೆ ಎಂಬುದು ಕೃಷಿಕನಿಗೆ ಅವಶ್ಯ. ಆದರೆ ಮೆಕ್ಕೆಜೋಳವನ್ನು ಸಂಗ್ರಹಿಸಿಟ್ಟ ವ್ಯಾಪಾರಿಯು, ಈ ಸಲ ಮಳೆ ತಪ್ಪಿದರೆ ಬೆಲೆ ಏರೀತೆಂದು ಒಳಗೊಳಗೇ ಹಾರೈಸಿದರೆ, ಅದು ಅಪಧ್ಯಾನ. ಮಾತನಾಡುತ್ತ ಕುಳಿತಲ್ಲಿಯೇ ಗಿಡದ ಎಲೆ ಕೀಳುವುದು, ನೆಲ ಕೆದಕುವುದು ಪ್ರಮಾದಚರ್ಯೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಐದು ಅನರ್ಥದಂಡಗಳಲ್ಲಿ ಇವೆರಡೂ ಸೇರಿವೆ. ಅತಿಯಾಗಿ ಹರಟುವ ಮೌಖರ್ಯವಾದರೋ ತತ್ತ್ವಾರ್ಥಸೂತ್ರದ ಪ್ರಕಾರ ಅನರ್ಥದಂಡವಿರತಿಯ ಅತಿಚಾರವಾಗಿದೆ.

ಇನ್ನು ಧರ್ಮದ ಮಾತು. ಧರ್ಮಕಥೆಯು ಆಕ್ಷೇಪಣೀ, ವಿಕ್ಷೇಪಣೀ, ಸಂವೇಜನೀ, ನಿರ್ವೇದನೀ ಎಂದು ನಾಲ್ಕು ವಿಧ. ಪರಮತವನ್ನು ಎತ್ತಿ ಖಂಡಿಸುವ ವಿಕ್ಷೇಪಣೀ ಕಥೆಯನ್ನು ಸ್ವಸಿದ್ಧಾಂತವನ್ನರಿಯದವನಿಗೆ ಹೇಳಕೂಡದೆಂಬ ನಿಯಮವಿದೆ. ಬಳ್ಳಿಗಾವಿಯಲ್ಲಿ ಶೈವ, ವೈಷ್ಣವ, ಜೈನ, ಬೌದ್ಧರೆಲ್ಲ ಒಂದೇ ಪಟ್ಟಣದಲ್ಲಿ ಬಾಳಿದರು. ಅಲ್ಲಿನ ನೆರೆಹೊರೆಯವರ ಮಕ್ಕಳಾದ ನಾವು ಗೆಳೆಯನ ದೇವರನ್ನು ಹಾಸ್ಯ ಮಾಡಿದರೆ ಅನೇಕಾಂತವನ್ನು ಬಾಯಿಂದ ಹೇಳಿ ನಡತೆಯಿಂದ ಅಳಿಸಿದಂತೆ.

ಆದುದರಿಂದ ಮಾತಿಗೆ ಮುನ್ನ ಮೂರನ್ನು ನೋಡಬೇಕು: ಇದರಿಂದ ಯಾರಿಗಾದರೂ ಪ್ರಯೋಜನವುಂಟೆ? ಇದು ನಿಜವೆಂದು ತಿಳಿದಿದೆಯೆ? ಇದನ್ನು ಹೇಳುವಾಗ ಮನಸ್ಸು ಕಾಯುತ್ತಿದೆಯೆ? ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಮೊದಲಿನೆರಡು ಸರಿಯಿದ್ದರೂ ಸುಮ್ಮನಿರುವುದೇ ಲೇಸು.

ಗೆಳೆತನವನ್ನು ಬಿಡಬೇಕಾಗಿಲ್ಲ. ಪರ್ವದಿನದಲ್ಲಿ ಗೆಳೆಯನು ಬಂದರೆ ಕುಶಲ ವಿಚಾರಿಸಿ, ಅವನ ಕಷ್ಟವನ್ನು ಕೇಳುವುದು ವಿಕಥೆಯಲ್ಲ. ಆರಂಭದಲ್ಲಿ ಎರಡು ಘಳಿಗೆ, ಅಂದರೆ 48 ನಿಮಿಷ, ಮೌನದ ನಿಯಮ ತೆಗೆದುಕೊಳ್ಳಬಹುದು. ಅದು ಸಾಧ್ಯವಾದ ಮೇಲೆ ಇಡೀ ಉಪವಾಸದ ದಿನ ರಾಜಕಥೆ ಆಡುವುದಿಲ್ಲವೆಂದು ನಿಶ್ಚಯಿಸಬಹುದು. ರಾತ್ರಿ ಪ್ರತಿಕ್ರಮಣದಲ್ಲಿ ಅಂದಿನ ಮಾತುಗಳನ್ನು ನೆನೆದು, ನೋಯಿಸಿದ ಮಾತೊಂದಿದ್ದರೆ ಮರುದಿನ ಪಾರಣೆಗೆ ಮೊದಲೇ ಆ ಗೆಳೆಯನ ಮನೆಗೆ ಹೋಗಿ ಕ್ಷಮೆ ಬೇಡಬೇಕು.