ಗಣಕಯಂತ್ರದ ತೆರೆಯ ಚಂಚಲತೆ

ಗಣಕಯಂತ್ರದ ತೆರೆಯು ಒಮ್ಮೆ ಒಂದು ಅಳತೆಯಲ್ಲಿಯೂ ಮತ್ತೊಮ್ಮೆ ಬೇರೊಂದು ಅಳತೆಯಲ್ಲಿಯೂ ಕಾಣಿಸಿಕೊಳ್ಳುವುದು ಈಗಿನ ದಿನಗಳಲ್ಲಿ ಬಹು ಸಾಮಾನ್ಯವಾದ ತೊಂದರೆ. ನಿನ್ನೆ ಸಾಯಂಕಾಲ ಅಚ್ಚುಕಟ್ಟಾಗಿದ್ದ ಅಕ್ಷರಗಳು ಇಂದು ಬೆಳಿಗ್ಗೆ ಉಬ್ಬಿಕೊಂಡಿರುತ್ತವೆ. ಗುಂಡಗಿರಬೇಕಾದ ಸೊನ್ನೆ ಮೊಟ್ಟೆಯಂತೆ ಅಡ್ಡಕ್ಕೆ ಹಿಗ್ಗಿರುತ್ತದೆ. ಅರ್ಜಿಯ ಬಲತುದಿಯಲ್ಲಿರುವ ಗುಂಡಿ ತೆರೆಯಾಚೆ ಎಲ್ಲಿಯೋ ಸರಿದುಹೋಗಿರುತ್ತದೆ. ಯಂತ್ರವನ್ನು ಆರಿಸಿ ಮತ್ತೆ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಇಲ್ಲ. ಸದಾ ಕೆಟ್ಟಿರುವ ಯಂತ್ರಕ್ಕಿಂತ ಹೀಗೆ ಆಗಾಗ ಕೆಡುವ ಯಂತ್ರವೇ ದೊಡ್ಡ ಪೀಡೆ. ರಿಪೇರಿಯವನು ಬರುವ ಹೊತ್ತಿಗೆ ಅದು ಸಾಧುವಿನಂತೆ ಕುಳಿತಿರುತ್ತದೆ!

ಸಾಹಿತ್ಯ ಚರಿತ್ರೆಗಳನ್ನು ಓದುವ ಕಲಾ ವಿಭಾಗದವರಿಗೆ ಈ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಇದು ಮುಖ್ಯವಾಗಿ ಅಕ್ಷರದ ಪ್ರಶ್ನೆಯೇ ಆಗಿದೆಯೆಂದು ನನ್ನ ಉತ್ತರ. ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ನಮ್ಮ ಜಡಿಗೇನಹಳ್ಳಿಯೂ ಒಂದು. ಹೋಬಳಿ ಕೇಂದ್ರವಾದುದರಿಂದ ಸುತ್ತಣ ಹಳ್ಳಿಗಳವರು ಜಾತಿ, ಆದಾಯ, ಪಿಂಚಣಿ, ವಿದ್ಯಾರ್ಥಿವೇತನ ಮುಂತಾದ ಅರ್ಜಿಗಳಿಗಾಗಿ ಇಲ್ಲಿಗೆ ಬರುತ್ತಾರೆ. ಅಂಥ ಅರ್ಜಿಗಳನ್ನು ಬೆರಳಚ್ಚು ಮಾಡಿಕೊಡುವ ಒಂದು ಸಣ್ಣ ಅಂಗಡಿಯಲ್ಲಿ ನಾನು ಎರಡು ಬೇಸಗೆ ರಜಗಳಲ್ಲಿ ಕೈನೆರವಿಗೆ ಕುಳಿತಿದ್ದೇನೆ. ಅಲ್ಲಿ ಒಬ್ಬ ಮುದುಕಿಯ ವೃದ್ಧಾಪ್ಯ ಪಿಂಚಣಿಯ ಕಾಗದದಲ್ಲಿ ಗಂಡನ ಹೆಸರು ‘ಸಿದ್ದಪ್ಪ’ ಎಂದು ಆಗಿತ್ತು. ಆಧಾರ್ ಚೀಟಿಯಲ್ಲಿದ್ದುದು ‘ಸಿದ್ಧಪ್ಪ’. ಎರಡಕ್ಕೂ ಇರುವ ವ್ಯತ್ಯಾಸ ಒತ್ತಕ್ಷರದ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಆ ಸೀಳು ಆ ದಿನ ತೆರೆಯ ಮೇಲೆ ಕಾಣುತ್ತಲೇ ಇರಲಿಲ್ಲ. ಹೆಸರು ಹೊಂದಲಿಲ್ಲವೆಂದು ಅರ್ಜಿ ಹಿಂದಕ್ಕೆ ಬಂತು. ಆಕೆ ಮೂರು ಸಲ ಬಸ್ಸಿನಲ್ಲಿ ಓಡಾಡಬೇಕಾಯಿತು. ಇಂಗ್ಲಿಷ್ ಅಕ್ಷರವು ಕೊಂಚ ಮಸುಕಾದರೂ ಓದುವವನು ಊಹಿಸಿಕೊಳ್ಳುತ್ತಾನೆ. ಕನ್ನಡದಲ್ಲಾದರೋ ಮೇಲೆ ಗುಣಿತ, ನಡುವೆ ಅಕ್ಷರ, ಕೆಳಗೆ ಒತ್ತು, ಹೀಗೆ ಮೂರು ಅಂತಸ್ತು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ಅನೇಕ ಕಡೆ ಒಂದು ಗೀಟಿನ ಮೇಲೆ ನಿಂತಿದೆ.

ಈಗ ವಿಷಯಕ್ಕೆ ಬರೋಣ. ತೆರೆಯೆಂಬುದು ಅಖಂಡವಾದ ಪಟವಲ್ಲ. ಅಡ್ಡಸಾಲು ನೀಟಸಾಲುಗಳಲ್ಲಿ ಜೋಡಿಸಿದ ಅತಿ ಸಣ್ಣ ಚುಕ್ಕೆಗಳ ಸಮೂಹ. ಮನೆಯಂಗಳದ ಚುಕ್ಕೆ ರಂಗೋಲಿಯನ್ನು ನೆನೆದರೆ ಸಾಕು. ಈ ಚುಕ್ಕೆಗಳ ಲೆಕ್ಕಕ್ಕೇ ರೆಸೊಲ್ಯೂಷನ್ ಎಂದು ಹೆಸರು. ೧೯೮೭ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಹೊರತಂದ ವಿ.ಜಿ.ಎ. ಪದ್ಧತಿಯಲ್ಲಿ ಅಡ್ಡಕ್ಕೆ ೬೪೦, ಉದ್ದಕ್ಕೆ ೪೮೦, ಒಟ್ಟು ೩,೦೭,೨೦೦ ಚುಕ್ಕೆಗಳಿದ್ದುವು. ಅಂಗಡಿಗಳಲ್ಲಿ ಇಂದಿಗೂ ಹೇರಳವಾಗಿರುವ ಹದಿನೆಂಟೂವರೆ ಅಂಗುಲದ ತೆರೆಗಳಲ್ಲಿ ಸಾಮಾನ್ಯವಾಗಿ ೧೩೬೬ಕ್ಕೆ ೭೬೮, ಅಂದರೆ ೧೦,೪೯,೦೮೮ ಚುಕ್ಕೆಗಳು; ಒಂದೊಂದರ ಅಗಲ ಸುಮಾರು ೦.೩ ಮಿಲಿಮೀಟರು. ಹಿಂದಿನ ಗಾಜಿನ ಬುರುಡೆಯ ತೆರೆಗಳು ನಾನಾ ಲೆಕ್ಕಗಳಿಗೆ ಹೊಂದಿಕೊಳ್ಳುತ್ತಿದ್ದುವು. ಈಗಿನ ಚಪ್ಪಟೆ ತೆರೆಗೆ ಆ ಉದಾರತೆಯಿಲ್ಲ. ಅದರ ಚುಕ್ಕೆಗಳು ಕಾರ್ಖಾನೆಯಲ್ಲಿಯೇ ಎಣಿಸಿ ಕೂರಿಸಿದವು. ಆ ಒಂದು ಲೆಕ್ಕದಲ್ಲಿ ಮಾತ್ರ ಅದು ಸ್ಪಷ್ಟವಾಗಿ ತೋರಬಲ್ಲದು.

೧೩೬೬ರ ತೆರೆಗೆ ಯಂತ್ರವು ೧೦೨೪ಕ್ಕೆ ೭೬೮ರ ಚಿತ್ರವನ್ನು ಕಳುಹಿಸಿತೆನ್ನಿ. ಎತ್ತರ ಸರಿಯಾಗಿಯೇ ಇದೆ, ಅಗಲ ಸಾಲದು. ತೆರೆಯು ಮೂರು ಚುಕ್ಕೆಯ ಚಿತ್ರವನ್ನು ನಾಲ್ಕು ಚುಕ್ಕೆಯ ಜಾಗಕ್ಕೆ ಎಳೆದು ಹರಡುತ್ತದೆ. ಒಂದೇ ಚುಕ್ಕೆಯಗಲದ ನೇರ ಗೀಟು ಈಗ ಒಂದೂ ಕಾಲಿಗಿಂತ ಹೆಚ್ಚು ಚುಕ್ಕೆಯಗಲವಾಗಬೇಕು. ಕಾಲು ಚುಕ್ಕೆ ಎಂಬುದಿಲ್ಲ. ಆದುದರಿಂದ ಅದು ಬೂದುಬಣ್ಣವಾಗಿ ಪಕ್ಕಕ್ಕೆ ಸೋರುತ್ತದೆ. ‘ಧ’ಕಾರದ ಸೀಳು ಇಂಥದೇ ನೇರ ಗೀಟು. ಸೊನ್ನೆ ಮೊಟ್ಟೆಯಾದುದೂ ಸೀಳು ಅಳಿಸಿಹೋದುದೂ ಒಂದೇ ಕಾರಣದಿಂದ.

ಹಾಗಾದರೆ ಯಂತ್ರವು ತಪ್ಪು ಲೆಕ್ಕವನ್ನು ಏಕೆ ಕಳುಹಿಸುತ್ತದೆ? ಇಲ್ಲಿಯೇ ಸ್ವಾರಸ್ಯವಿರುವುದು. ತೆರೆಗೂ ಯಂತ್ರಕ್ಕೂ ನಡುವೆ ಚಿತ್ರ ಹರಿಯುವುದಷ್ಟೇ ಅಲ್ಲ, ಒಂದು ಸಂಭಾಷಣೆಯೂ ನಡೆಯುತ್ತದೆ. ತನ್ನ ಹೆಸರೇನು, ತನ್ನ ಅಳತೆಯೇನು, ಯಾವ ಯಾವ ಲೆಕ್ಕಗಳು ತನಗೆ ಒಗ್ಗುತ್ತವೆ ಎಂಬುದನ್ನು ತೆರೆಯು ೧೨೮ ಬೈಟುಗಳ ಒಂದು ಚಿಕ್ಕ ಜಾತಕದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಇದಕ್ಕೆ ಇ.ಡಿ.ಐ.ಡಿ. ಎಂದು ಹೆಸರು, ೧೯೯೪ರಲ್ಲಿ ವೆಸಾ ಎಂಬ ಸಂಘವು ಇದನ್ನು ಗೊತ್ತುಮಾಡಿತು. ಯಂತ್ರವು ಅದನ್ನು ಓದಿ ತಕ್ಕ ಚಿತ್ರವನ್ನು ಕಳುಹಿಸುತ್ತದೆ. ಜಾತಕ ಕೈಗೆ ಸಿಕ್ಕದಿದ್ದರೆ, ಅಳತೆಚೀಟಿಯನ್ನು ಕಳೆದುಕೊಂಡ ದರ್ಜಿಯು ಎಲ್ಲರಿಗೂ ಸಲ್ಲುವ ಒಂದು ಅಂಗಿಯನ್ನು ಹೊಲಿದುಬಿಡುವಂತೆ, ಯಂತ್ರವೂ ೧೦೨೪ಕ್ಕೆ ೭೬೮ ಎಂದೋ ೮೦೦ಕ್ಕೆ ೬೦೦ ಎಂದೋ ನಿರ್ಧರಿಸಿಕೊಳ್ಳುತ್ತದೆ.

ನೀಲಿ ಮೂತಿಯ ಹಳೆಯ ವಿ.ಜಿ.ಎ. ತಂತಿಯನ್ನು ಎಲ್ಲರೂ ನೋಡಿರುತ್ತೀರಿ. ಮೂರು ಸಾಲಿನಲ್ಲಿ ಹದಿನೈದು ಸೂಜಿಗಳ ಸ್ಥಾನ. ಒಂದು, ಎರಡು, ಮೂರನೆಯವು ಕೆಂಪು, ಹಸುರು, ನೀಲಿ ಬಣ್ಣಗಳನ್ನು ಒಯ್ಯುತ್ತವೆ. ಹದಿಮೂರು ಹದಿನಾಲ್ಕು ಚಿತ್ರದ ತಾಳವನ್ನು ಕಾಯುತ್ತವೆ. ಜಾತಕವು ಬರುವುದು ಹನ್ನೆರಡು ಮತ್ತು ಹದಿನೈದನೆಯ ಸೂಜಿಗಳ ಮೂಲಕ. ಆದುದರಿಂದ ಹನ್ನೆರಡನೆಯದು ಬಾಗಿದರೆ ಬಣ್ಣಕ್ಕೆ ಏನೂ ಕುಂದಿಲ್ಲ, ಚಿತ್ರ ನಡುಗುವುದಿಲ್ಲ, ಸಂಭಾಷಣೆ ಮಾತ್ರ ನಿಂತುಹೋಗುತ್ತದೆ. ಚಿತ್ರ ಬರುತ್ತಿದೆಯಷ್ಟೆ, ತಂತಿ ಸರಿಯಾಗಿದೆ ಎಂದು ಎಲ್ಲರೂ ಮೋಸಹೋಗುವುದು ಇದರಿಂದಲೇ. (ಒಂಬತ್ತನೆಯ ಸೂಜಿಯು ಅನೇಕ ತಂತಿಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ, ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ.)

ನಮ್ಮ ಅಂಗಡಿಯಲ್ಲಿ ರೋಗವು ನಿಯಮವಿಲ್ಲದೆ ಬಂದುಹೋಗುತ್ತಿದ್ದುದರಿಂದ ನಾನು ಒಂದು ನೋಟುಪುಸ್ತಕದಲ್ಲಿ ಎಂಟು ದಿನ ಬರೆದಿಟ್ಟೆ: ಎಷ್ಟು ಗಂಟೆ, ಎಷ್ಟು ಲೆಕ್ಕ, ತೆರೆಯನ್ನು ಮೊದಲು ಹಾಕಿದ್ದೋ ಯಂತ್ರವನ್ನೋ, ವಿದ್ಯುತ್ತು ಹೋಗಿ ಬಂದಿತ್ತೋ, ಮೇಜನ್ನು ಒರೆಸಿದ್ದರೋ. ಯಾರೂ ಅನುಮಾನಿಸದ ಕೊನೆಯ ಅಂಕಣವೇ ಗುಟ್ಟನ್ನು ಬಿಟ್ಟುಕೊಟ್ಟಿತು. ಕೆಟ್ಟ ಐದು ದಿನಗಳಲ್ಲಿ ಐದೂ ದಿನ ಮೇಜನ್ನು ಒರೆಸಿ ತೆರೆಯನ್ನು ಸರಿಸಿದ್ದರು.

ಇಲ್ಲಿ ಎರಡು ಪರೀಕ್ಷೆಗಳನ್ನು ಹೇಳಬೇಕು. ಇವಕ್ಕೆ ಕಾಸೂ ಖರ್ಚಿಲ್ಲ. ತೆರೆಯ ಅಂಚಿನಲ್ಲಿ ಅದರದೇ ಆದ ಮೆನು ಗುಂಡಿಯಿರುತ್ತದೆ. ಅದನ್ನು ಒತ್ತಿ ಮಾಹಿತಿಯ ಪುಟವನ್ನು ನೋಡಿದರೆ, ತನಗೆ ಎಷ್ಟು ಚುಕ್ಕೆಯ ಚಿತ್ರ ಬರುತ್ತಿದೆಯೆಂದು ತೆರೆಯೇ ಹೇಳುತ್ತದೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಯಂತ್ರವು ಬೇರೆಯಾಗಿ ತನ್ನ ಹೇಳಿಕೆಯನ್ನು ಕೊಡುತ್ತದೆ. ಎರಡೂ ೧೩೬೬ ಎಂದು ಒಪ್ಪಿದರೂ ಅಕ್ಷರ ದೊಡ್ಡದಾಗಿದ್ದರೆ ಅದು ರೆಸೊಲ್ಯೂಷನ್ನಿನ ದೋಷವೇ ಅಲ್ಲ. ಪಕ್ಕದಲ್ಲಿರುವ ಸ್ಕೇಲಿಂಗ್ ನೂರು ಬಿಟ್ಟು ನೂರಿಪ್ಪತ್ತೈದು ಆಗಿರಬಹುದು, ಇಲ್ಲವೆ ಬ್ರೌಸರಿನ ಹಿಗ್ಗಿಸುವಿಕೆ ಕೈತಗುಲಿ ಬದಲಾಗಿರಬಹುದು. ಕಂಟ್ರೋಲ್ ಮತ್ತು ಸೊನ್ನೆಯನ್ನು ಒಟ್ಟಿಗೆ ಒತ್ತಿದರೆ ಎರಡನೆಯದು ತೀರಿತು. ಅರ್ಧದಷ್ಟು ದೂರುಗಳು ಇಲ್ಲಿಯೇ ಮುಗಿಯುತ್ತವೆಂದು ನನ್ನ ಅಂದಾಜು.

ಎರಡನೆಯ ಪರೀಕ್ಷೆ ಡಿವೈಸ್ ಮ್ಯಾನೇಜರಿನದು. ಅಲ್ಲಿ ಮಾನಿಟರ್ಸ್ ಎಂಬುದರ ಕೆಳಗೆ ‘ಜೆನೆರಿಕ್ ಪಿಎನ್‌ಪಿ ಮಾನಿಟರ್’ ಎಂದಿದ್ದರೆ ಜಾತಕ ತಲಪಿದೆ. ‘ಜೆನೆರಿಕ್ ನಾನ್ ಪಿಎನ್‌ಪಿ’ ಎಂದಿದ್ದರೆ ತಲಪಿಲ್ಲ. ‘ನಾನ್’ ಎಂಬ ಒಂದು ಸಣ್ಣ ಪದ ಸಾವಿರ ಊಹೆಗಳನ್ನು ತಪ್ಪಿಸುತ್ತದೆ. ನಮ್ಮ ಅಂಗಡಿಯಲ್ಲಿ ಕೆಟ್ಟ ದಿನ ಅದು ಇತ್ತು, ಒಳ್ಳೆಯ ದಿನ ಇರಲಿಲ್ಲ. ತಂತಿಯನ್ನು ಬಿಚ್ಚಿ ನೋಡಿದರೆ ಹನ್ನೆರಡನೆಯ ಸೂಜಿ ಒಳಕ್ಕೆ ಕುಗ್ಗಿತ್ತು. ಪಕ್ಕದ ಅಂಗಡಿಯಿಂದ ಬೇರೊಂದು ತಂತಿಯನ್ನು ತಂದು ಹಾಕಿ, ಮೇಜನ್ನು ಬೇಕೆಂದೇ ಅಲ್ಲಾಡಿಸಿ, ಮತ್ತೆ ಹನ್ನೆರಡು ದಿನ ಲೆಕ್ಕ ಬರೆದೆ. ಒಂದು ದಿನವೂ ೧೩೬೬ ತಪ್ಪಲಿಲ್ಲ. ಅಲ್ಲಿಯವರೆಗೆ ಅಂಗಡಿಯವರು ಎರಡು ಸಲ ವಿಂಡೋಸನ್ನೇ ಹೊಸದಾಗಿ ಹಾಕಿಸಿದ್ದರು. ಆ ಹಣದಲ್ಲಿ ತಂತಿಗಳ ಒಂದು ಕಟ್ಟನ್ನೇ ಕೊಳ್ಳಬಹುದಾಗಿತ್ತು.

ಎಲ್ಲ ಕಡೆಯೂ ತಂತಿಯೇ ಅಪರಾಧಿಯೆಂದು ತಿಳಿಯಬಾರದು. ಅದೇ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬುದರ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ಕಂಡರೆ, ಚಿತ್ರಫಲಕವನ್ನು ನಡೆಸುವ ಡ್ರೈವರು ಇಲ್ಲವೆಂದು ಅರ್ಥ. ಫಲಕವನ್ನು ತಯಾರಿಸಿದವರ ಡ್ರೈವರನ್ನೇ ಹಾಕಬೇಕು. ವಿಂಡೋಸಿನ ಹೊಸ ಕಂತು ಇಳಿದ ಮಾರನೆಯ ದಿನವೇ ತೊಂದರೆ ಮೊದಲಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಎಂಬುದರಿಂದ ಹಳೆಯದಕ್ಕೆ ಮರಳಬಹುದು. ವಿಂಡೋಸ್, ಕಂಟ್ರೋಲ್, ಷಿಫ್ಟ್, ಬಿ ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರು ಮಾತ್ರ ಮರುಚಾಲನೆಗೊಳ್ಳುತ್ತದೆ. ಬರೆಯುತ್ತಿದ್ದ ಕಾಗದ ಹಾಗೆಯೇ ಇರುತ್ತದೆ. ವಿ.ಜಿ.ಎ.ಯಿಂದ ಎಚ್.ಡಿ.ಎಂ.ಐ.ಗೆ ಮಾರ್ಪಡಿಸುವ ಅಗ್ಗದ ತುಂಡುಗಳೂ ಜಾತಕವನ್ನು ನುಂಗುವುದುಂಟು. ಅವನ್ನು ತೆಗೆದು ನೇರ ತಂತಿ ಹಾಕಿ ನೋಡದೆ ಮುಂದಿನ ಚಿಕಿತ್ಸೆಗೆ ಹೋಗಬಾರದು.

ಲಿನಕ್ಸ್ ಬಳಸುವವರಿಗೆ ಒಂದು ಮಾತು. ಕೇರಳದ ಶಾಲೆಗಳಲ್ಲಿ, ಆದುದರಿಂದ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿಯೂ, ಅದೇ ಬಳಕೆಯಲ್ಲಿದೆ. ಅಲ್ಲಿ ಎಕ್ಸ್‌ರ‍್ಯಾಂಡರ್ ಎಂಬ ಆಜ್ಞೆಯಿಂದ ಲೆಕ್ಕವನ್ನು ಸರಿಪಡಿಸಿದರೆ ಅದು ಆ ಅಧಿವೇಶನಕ್ಕೆ ಮಾತ್ರ. ಹೊರಹೋಗಿ ಒಳಬಂದರೆ ಮತ್ತೆ ಹಳೆಯ ಕಥೆ. ಆರಂಭದಲ್ಲಿ ತಾನಾಗಿ ನಡೆಯುವ ಕಡತದಲ್ಲಿ ಅದನ್ನು ಬರೆದಿಡಬೇಕು. ೧೩೬೬ ಎಂಬುದು ಎಂಟರಿಂದ ಭಾಗವಾಗದ ಸಂಖ್ಯೆ. ಜಾತಕದ ಒಂದು ಭಾಗದಲ್ಲಿ ಅಗಲವನ್ನು ಎಂಟೆಂಟರ ಲೆಕ್ಕದಲ್ಲಿಯೇ ಬರೆಯುವ ನಿಯಮವಿರುವುದರಿಂದ ಅಲ್ಲಿ ೧೩೬೬ಕ್ಕೆ ಸ್ಥಳವಿಲ್ಲ. ಹಳೆಯ ಫಲಕಗಳು ೧೩೬೦ ಎಂದೂ ಲಿನಕ್ಸಿನ ಲೆಕ್ಕಾಚಾರವು ೧೩೬೮ ಎಂದೂ ತೋರಿಸುವುದು ಇದರಿಂದ. ಆರೆಂಟು ಚುಕ್ಕೆ ಹೆಚ್ಚುಕಡಮೆಯಾದರೆ ತೆರೆಯ ಮೇಲಿನ ‘ಆಟೋ’ ಗುಂಡಿಯನ್ನೊತ್ತಿ ಹೊಂದಿಸಿಕೊಳ್ಳಬಹುದು.

ಹೊಸ ತಂತಿ ಬರುವವರೆಗೂ ಜನರು ಕಾಯುವುದಿಲ್ಲವಷ್ಟೆ. ಆ ಎಂಟು ದಿನ ನಾವು ಹೀಗೆ ಮಾಡಿದೆವು: ಅರ್ಜಿಯನ್ನು ಸಲ್ಲಿಸುವ ಮುನ್ನ ಕಂಟ್ರೋಲನ್ನು ಒತ್ತಿ ಹಿಡಿದು ಹೆಸರಿನ ಸಾಲನ್ನು ಇಮ್ಮಡಿಯಾಗಿ ಹಿಗ್ಗಿಸುವುದು, ಅರ್ಜಿದಾರರ ಆಧಾರ್ ಚೀಟಿಯನ್ನು ತೆರೆಯ ಪಕ್ಕಕ್ಕೆ ಹಿಡಿದು ದ-ಧ, ಪ-ಫ, ಡ-ಢಗಳನ್ನು ಬೆರಳಿಟ್ಟು ಓದುವುದು. ಓದು ಬಾರದವರಿಗಾಗಿ ಜೊತೆಯಲ್ಲಿ ಬಂದ ಶಾಲೆಯ ಮಕ್ಕಳ ಕೈಯಲ್ಲಿ ಓದಿಸಿದೆವು. ಆ ಮುದುಕಿಯ ಕಾಗದವೂ ಹೀಗೆಯೇ ತಿದ್ದಿ ಹೋಯಿತು. ಸೀಳು ಇದೆಯೇ ಎಂದು ನೋಡಿ ಹೇಳಿದವಳು ಆರನೆಯ ತರಗತಿಯ ಆಕೆಯ ಮೊಮ್ಮಗಳು.