ಆತ್ಮರಕ್ಷಣೆಯ ಪಾಠ: ಮೊದಲು ಕೂಗಲು ಕಲಿಯೋಣ



ಚಿತ್ರದುರ್ಗದ ಕೋಟೆ ಕಾದ ಓಬವ್ವನ ಕೈಯಲ್ಲಿ ಕತ್ತಿ ಇರಲಿಲ್ಲ, ಮನೆಯ ಒನಕೆ ಇತ್ತು. ಅವಳ ಹೆಸರಲ್ಲೇ ಚಿತ್ರದುರ್ಗ ಜಿಲ್ಲಾ ಪೊಲೀಸರು ಮಹಿಳಾ ಪೊಲೀಸರ ‘ಓಬವ್ವ ಪಡೆ’ ಕಟ್ಟಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಹೇಳಿಕೊಟ್ಟರು. ಶಿಕಾರಿಪುರ, ಸೊರಬ ತಾಲ್ಲೂಕಿನ ನಾವೂ ಕಲಿಯಬಹುದು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮಹಿಳೆಯರು ನಿಮ್ಮ ಕಡೆ ಇದ್ದರೆ ಒಂದು ವಾರದ ಸಭೆಗೆ ಕರೆಯಿರಿ. ಮೈಮೇಲೆ ಬೀಳುವವನ ರೀತಿಯೂ ಅವರಿಗೆ ಗೊತ್ತು, ಠಾಣೆಯ ರೀತಿಯೂ ಗೊತ್ತು. ಅವರಿಂದ ಮೂರು ವಿಷಯ ಕಲಿಯೋಣ.

1. ಬಾಯಿ: ಗೋವಿನಜೋಳ ಆಳೆತ್ತರ ಬೆಳೆದಾಗ ಹೊಲದ ದಾರಿಯಲ್ಲಿ ಹೋಗುವವರು ಕಾಣಿಸೋದಿಲ್ಲ, ಆದರೆ ಕೂಗು ಕೇಳಿಸುತ್ತದೆ. ‘ಬಿಡು! ದೂರ ಹೋಗು!’ ಅಂತ ಹೊಟ್ಟೆಯಿಂದ ಕೂಗಿ. ಚಿಕ್ಕಂದಿನಿಂದ ‘ಮೆತ್ತಗೆ ಮಾತಾಡು’ ಅಂತ ಕೇಳಿ ಬೆಳೆದ ನಮಗೆ ಇದೇ ಕಷ್ಟ. ಅದಕ್ಕೇ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿ ಅಭ್ಯಾಸ ಮಾಡಿ.

2. ಕೈಕಾಲು: ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆದುಕೊಳ್ಳಿ, ಅಲ್ಲಿ ಹಿಡಿತ ಸಡಿಲ. ಹಿಂದಿನಿಂದ ಹಿಡಿದರೆ ಹಿಮ್ಮಡಿಯಿಂದ ಪಾದ ತುಳಿಯಿರಿ, ಮೊಣಕೈಯಿಂದ ತಿವಿಯಿರಿ. ಬಿಡಿಸಿಕೊಂಡ ಕೂಡಲೇ ಜನ ಇರುವ ಕಡೆ ಓಡಿ. ಗೆಲ್ಲೋದು ಮುಖ್ಯ ಅಲ್ಲ, ತಪ್ಪಿಸಿಕೊಳ್ಳೋದು ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕಿದೆ. ಆದರೆ ಅಪಾಯ ಕಳೆದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ಆತ್ಮರಕ್ಷಣೆ ಆಗೋದಿಲ್ಲ.

3. ದೂರು: ಆಪತ್ತಿನಲ್ಲಿ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಅತ್ಯಾಚಾರದಂಥ ಅಪರಾಧ ನಡೆದಾಗ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ನಮ್ಮ ಸರಹದ್ದಲ್ಲ’ ಅನ್ನುವಂತಿಲ್ಲ. ಹೆಣ್ಣುಮಗಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ಆಸ್ಪತ್ರೆಯಲ್ಲಿ, ಖಾಸಗಿಯಾದರೂ, ಚಿಕಿತ್ಸೆ ಉಚಿತ. ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗಿ.

ಆದರೆ ನಿಜವಾದ ಕಷ್ಟ ಬೇರೆ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ, ಅತ್ಯಾಚಾರದ 100 ಪ್ರಕರಣಗಳಲ್ಲಿ 90ಕ್ಕೂ ಹೆಚ್ಚು ಕಡೆ ಆರೋಪಿ ಪರಿಚಯದವನೇ. ನೆಂಟ, ನೆರೆಯವ, ಊರಿನ ದೊಡ್ಡವ. ಅವನ ವಿರುದ್ಧ ಬಾಯಿ ತೆರೆಯೋದು ಹೇಗೆ?

ಬೈಬಲಿನಲ್ಲಿ, ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿ ಸುಸನ್ನಳ ಕತೆ ಇದೆ. ನ್ಯಾಯ ಹೇಳುವ ಇಬ್ಬರು ಹಿರಿಯರೇ ಅವಳನ್ನು ತೋಟದಲ್ಲಿ ಅಡ್ಡಗಟ್ಟಿದರು. ಒಪ್ಪದಿದ್ದರೆ ಅಪವಾದ ಹೊರಿಸುವುದಾಗಿ ಬೆದರಿಸಿದರು. ಅವಳು ಗಟ್ಟಿಯಾಗಿ ಕೂಗಿದಳು. ಜನ ನಂಬಿದ್ದು ಹಿರಿಯರನ್ನೇ! ದಾನಿಯೇಲ ಒಬ್ಬ ಎದ್ದು, ಇಬ್ಬರನ್ನೂ ಬೇರೆ ಬೇರೆ ಮಾಡಿ ಯಾವ ಮರದ ಕೆಳಗೆ ನೋಡಿದಿರೆಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು. ಸುಳ್ಳು ಬಯಲಾಯಿತು.

ಸುಸನ್ನಳ ಕೂಗು ವ್ಯರ್ಥವಾಗದಂತೆ ಮಾಡಿದ್ದು ಅವಳ ಮಾತಿಗೆ ಬೆಲೆ ಕೊಟ್ಟ ಒಬ್ಬ ಮನುಷ್ಯ. ಆ ಕೆಲಸವನ್ನು ನಮ್ಮ ಸಂಘ ಮಾಡಬೇಕು. ನೊಂದು ಬಂದವಳಿಗೆ ‘ಅಷ್ಟೊತ್ತಲ್ಲಿ ಯಾಕೆ ಹೋಗಿದ್ದೆ?’ ಅಂತ ನಾವೇ ಕೇಳಿದರೆ, ಅವಳು ಇನ್ನೊಮ್ಮೆ ಬಾಯಿ ತೆರೆಯೋದಿಲ್ಲ. ‘ನಿನ್ನ ತಪ್ಪಿಲ್ಲ, ನಾವು ಜೊತೆಗೆ ಬರ್ತೀವಿ’ ಅಂದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಚರ್ಚಿಸಿ:
* ನಮ್ಮೂರಲ್ಲಿ ಒಬ್ಬರೇ ಓಡಾಡಲು ಹೆದರುವ ಜಾಗ ಯಾವುದು? ಬೀದಿದೀಪ ಕೇಳಲು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆಯೇ?
* ಮನೆಯವನೇ ಹಿಂಸೆ ಕೊಟ್ಟರೆ ಸಂಘ ಏನು ಮಾಡಬಹುದು?

ನಿರ್ಧಾರ: ಠಾಣೆಗೆ ಜೊತೆಯಾಗಿ ಹೋಗುವ ಇಬ್ಬರು ಸದಸ್ಯೆಯರನ್ನು ಇವತ್ತೇ ಆರಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.