ಹಳೆಯ ಕಂಪ್ಯೂಟರ್ ಮತ್ತು ನಮ್ಮ ದಾನ

ಹಝ್ರತ್ ಮೈಮೂನಾ(ರ)ರವರ ವಿಮೋಚಿತ ಸೇವಕಿಗೆ ದಾನವಾಗಿ ಸಿಕ್ಕಿದ್ದ ಆಡೊಂದು ಸತ್ತಿತು. ಅದರ ಚರ್ಮವನ್ನೇಕೆ ಬಳಸಿಕೊಳ್ಳಲಿಲ್ಲವೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಸತ್ತದ್ದಲ್ಲವೇ ಎಂದಾಗ, ನಿಷಿದ್ಧವಾಗಿರುವುದು ಅದನ್ನು ತಿನ್ನುವುದು ಮಾತ್ರವೆಂದು ತಿಳಿಸಿದರು (ಬುಖಾರಿ, ಮುಸ್ಲಿಮ್).

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತೆಂದು ನಿಮ್ಮ ಕಂಪ್ಯೂಟರ್ ಸತ್ತುಹೋಗಲಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದರೆ ಹಿರೇಕೊಟ್ನೆಕಲ್‌ನಂತಹ ಊರಿನ ಮಕ್ಕಳು ಅದರಲ್ಲಿ ಕನ್ನಡ ಟೈಪಿಂಗ್ ಕಲಿಯಬಹುದು. ಆದರೆ ಕೊಡುವ ಮುನ್ನ ಆನ್ ಮಾಡಿ ನೋಡಿ. ನೀವೇ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದಂತಹ ಕೆಟ್ಟ ವಸ್ತುವನ್ನು ದಾನಕ್ಕೆ ಆರಿಸುವುದನ್ನು ಪವಿತ್ರ ಕುರ್‌ಆನ್ (2:267) ತಡೆದಿದೆ. ಕೆಟ್ಟ ಮಾನಿಟರ್ ಮದ್ರಸದ ಮೂಲೆ ಸೇರಿದರೆ ನಿಮ್ಮ ಮನೆ ಖಾಲಿಯಾಯಿತು, ಅಷ್ಟೆ.

ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸವಿದೆ. ತಾಮ್ರಕ್ಕಾಗಿ ವೈರು ಸುಟ್ಟರೆ ಆ ವಿಷದ ಹೊಗೆ ಕುಡಿಯುವವರು ನೆರೆಯವರ ಮಕ್ಕಳು. ದುರಸ್ತಿಯಾಗದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೇ ತಲುಪಿಸಿ.